ಜೋಕಾಲಿಯ ಕೊಂಡಿಗೊಂದು ಅರ್ಜಿ

ನೋಡದೆ ಸಹಿ ಹಾಕುವುದರಲ್ಲಿ ನನ್ನ ಕೈ ಪಳಗಿದ್ದು ಕುರಕುಂಭದಲ್ಲಿ. ಅಲ್ಲಿಯ ಒಂದು ರಾಸಾಯನಿಕ ಕಾರ್ಖಾನೆಗೆ ನಾನು ಸೇಫ್ಟಿ ಆಫೀಸರ್. ಪುಣೆಯಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ತೂಕಡಿಸುತ್ತ ಬರುವ ನೌಕರಿ. ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು ಗೋಡೆಗೋಡೆಗೂ ಇರುತ್ತವಲ್ಲ, ಅವನ್ನು ತಿಂಗಳಿಗೊಮ್ಮೆ ಎತ್ತಿ ತೂಕ ನೋಡಿ, ಒತ್ತಡ ತೋರಿಸುವ ಮುಳ್ಳು ನೋಡಿ, ಕೊರಳಿಗೆ ಕಟ್ಟಿದ ಚೀಟಿಯ ಮೇಲೆ ಸಹಿ ಮಾಡಬೇಕು. ಮೊದಲ ವರ್ಷ ಎತ್ತಿದೆ. ಎರಡನೆಯ ವರ್ಷ ಮುಳ್ಳು ಮಾತ್ರ ನೋಡಿದೆ. ಮೂರನೆಯ ವರ್ಷದಿಂದ ಚೀಟಿಗಳನ್ನೆಲ್ಲ ಟೇಬಲ್ಲಿಗೇ ತರಿಸಿಕೊಂಡು ಚಹಾ ಕುಡಿಯುತ್ತ ಸಹಿ ಮಾಡತೊಡಗಿದೆ. ಹಾಗಂತ ನನ್ನನ್ನು ಮೈಗಳ್ಳ ಅನ್ನಬೇಡಿ. ಸಹಿಯನ್ನು ನಾನು ಒಂದು ತಿಂಗಳೂ ತಪ್ಪಿಸಿದವನಲ್ಲ.

ಇಂಥವನಿಗೆ ಒಂದು ಸಂಜೆ ಹೆಂಡತಿ ಶೈಲಾ ಹೇಳಿದಳು: “ಪಾರ್ಕಿನ್ಯಾಗಿನ ಜೋಕಾಲಿ ಕೊಂಡಿ ಸವದದ ರೀ. ಅನು ದಿನಾ ಅದರ ಮ್ಯಾಲೇ ಕೂಡ್ತಾಳ. ಊರ ಮಂದಿಗೆಲ್ಲ ಸೇಫ್ಟಿ ಹೇಳ್ತೀರಿ, ಇದನ್ನೊಂದೀಟು ನೋಡಿ ಬರ್ರಿ.” ಅನು ನಮ್ಮ ಮಗಳು. ಏಳು ವರ್ಷ. ಜೋಕಾಲಿಯಿಂದ ಊಟಕ್ಕೆ ಮಾತ್ರ ಇಳಿಯುವ ಜೀವ.

ಹೋಗಿ ನೋಡಿದೆ. ಶೈಲಾ ಹೇಳಿದ್ದು ಖರೆ. ಸರಪಳಿ ಸಿಕ್ಕಿಸಿದ ಮೇಲಿನ ಕೊಂಡಿ, ಹೆಬ್ಬೆರಳಿನ ದಪ್ಪ ಇರಬೇಕಾದದ್ದು, ಕೆಳಗಿನಿಂದ ನೋಡಿದರೆ ಪೆನ್ಸಿಲ್ಲಿನಷ್ಟು ಕಾಣುತ್ತಿತ್ತು. ಪಾರ್ಕಿನ ಗಿಡ ನೋಡಿಕೊಳ್ಳುವ ಮಾಳಿ ಸಖಾರಾಮನನ್ನು ಕರೆದು ತೋರಿಸಿದೆ. ಅವನು ಮೇಲೆ ನೋಡುವ ಗೋಜಿಗೇ ಹೋಗಲಿಲ್ಲ. “ದರ ಮಹಿನ್ಯಾಲಾ ತಪಾಸಣೀ ಹೋತೇ, ಸಾಹೇಬ,” ಎಂದ. ತಿಂಗಳಿಗೊಮ್ಮೆ ತಪಾಸಣೆ ಆಗುತ್ತದಂತೆ, ರಜಿಸ್ಟರಿನಲ್ಲಿ ಬರೆಯುತ್ತಾರಂತೆ.

ರಜಿಸ್ಟರು ಅಂದದ್ದೇ ತಡ, ನನ್ನ ಕಿವಿ ನೆಟ್ಟಗಾದವು. ಬೇರೆ ಯಾರಾದರೂ ಆಗಿದ್ದರೆ ಕೊಂಡಿಯ ವಿಚಾರ ಮಾಡುತ್ತಿದ್ದರು. ನಾನು ಆ ಕ್ಷಣದಿಂದ ಕೊಂಡಿಯನ್ನು ಬಿಟ್ಟು ರಜಿಸ್ಟರಿನ ಬೆನ್ನು ಹತ್ತಿದೆ. ಮಾಹಿತಿ ಹಕ್ಕಿನ ಕಾಯ್ದೆ ಆಗಷ್ಟೇ ಬಂದಿತ್ತು. ಕಂಡಕಂಡವರೆಲ್ಲ ಅರ್ಜಿ ಹಾಕುತ್ತಿದ್ದ ಕಾಲ. ನಾನೂ ಎರಡು ರಾತ್ರಿ ಕೂತು, ಆಟದ ಸಾಮಾನುಗಳ ಸುರಕ್ಷತಾ ತಪಾಸಣೆಯ ದಾಖಲೆಗಳ ಪ್ರತಿ ಕೊಡಿ ಎಂದು ಮರಾಠಿಯಲ್ಲಿ ಅರ್ಜಿ ಬರೆದೆ. ಕೊಂಡಿ ಸವೆದಿದೆ ಎಂಬ ಮಾತನ್ನು ಮಾತ್ರ ಅದರಲ್ಲಿ ಎಲ್ಲಿಯೂ ಬರೆಯಲಿಲ್ಲ. ಹೇಳಿಬಿಟ್ಟರೆ ಅವರು ಎಚ್ಚೆತ್ತು ಕೊಂಡಿ ಬದಲಿಸಿ, ದಾಖಲೆಯನ್ನೂ ತಿದ್ದಿಬಿಟ್ಟಾರು ಎಂಬುದು ನನ್ನ ಜಾಣತನ.

ವಾರ್ಡ್ ಆಫೀಸಿನ ಗುಮಾಸ್ತರು ಸಜ್ಜನರು. ಅರ್ಜಿಯನ್ನು ಎರಡೆರಡು ಸಲ ಓದಿ, ಇದು ಯಾಕೆ ಬೇಕು ಎಂದು ಕೇಳಿದರು. ಕಾರಣ ಕೇಳುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ ಎಂದೆ. ಹೌದು, ಕೇಳುವಂತಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ, “ಆದರೂ ಯಾಕೆ?” ಎಂದರು. ನಾನು ನಕ್ಕೆ, ಅವರೂ ನಕ್ಕು ಠಸ್ಸೆ ಒತ್ತಿದರು. ಮೂವತ್ತು ದಿನದಲ್ಲಿ ಉತ್ತರ ಬರುತ್ತದೆ ಎಂದರು.

ಉತ್ತರ ಬರುವವರೆಗೆ ಅನುವಿಗೆ ಜೋಕಾಲಿ ಬಂದ್ ಮಾಡಿದೆ. ಅವಳು ಕಲ್ಲುಬೆಂಚಿನ ಮೇಲೆ ಕೂತು, ಕಾಲು ಆಡಿಸುತ್ತ, ಉಳಿದ ಹುಡುಗರನ್ನು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಜೋಕಾಲಿಯೇನು ಸಣ್ಣ ವಸ್ತುವೇ ಅಂತ ಆಗ ನನಗೆ ಅನಿಸುತ್ತಿತ್ತು. ನಮ್ಮಲ್ಲಿ ದೇವರನ್ನೂ ಜೋಕಾಲಿಯಲ್ಲಿ ಕೂರಿಸಿ ತೂಗುತ್ತಾರೆ. ಹೂವು ಯಾವುದು, ಹಾಡು ಯಾವುದು, ಎಷ್ಟು ಸಲ ತೂಗಬೇಕು, ಎಲ್ಲಕ್ಕೂ ವಿಧಿ ಉಂಟು. ಸರಪಳಿಯನ್ನು ಯಾರು ನೋಡಬೇಕು ಎಂಬುದನ್ನು ಮಾತ್ರ ಯಾವ ಆಚಾರ್ಯರೂ ನನಗೆ ಹೇಳಿಲ್ಲ. ಬಹುಶಃ ದೇವರು ಹಗುರ ಇರಬೇಕು.

ಧಾರವಾಡದ ನಮ್ಮ ಓಣಿಯಲ್ಲಿ ಇದಕ್ಕೊಂದು ಪದ್ಧತಿ ಇತ್ತು. ನಾಗರಪಂಚಮಿಗೆ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ ಮೇಲೆ ಮಕ್ಕಳಾರೂ ಮೊದಲು ಹತ್ತುವಂತಿರಲಿಲ್ಲ. ಗಂಗಕ್ಕ ಬರಬೇಕು. ಓಣಿಗೆಲ್ಲ ಅತಿ ತೂಕದವಳು ಅವಳೇ. ಉಂಡಿ ತಿನ್ನುತ್ತ ನಿಧಾನಕ್ಕೆ ಬಂದು, ಹಗ್ಗವನ್ನೊಮ್ಮೆ ಜಗ್ಗಿ, ಕೂತು, ಹತ್ತು ಸಲ ಜೀಕಿ, “ಆತು, ಹತ್ರಿನ್ನ” ಎಂದು ಇಳಿಯುತ್ತಿದ್ದಳು. ಅವಳಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಓಣಿಯಲ್ಲಿ ಒಬ್ಬರೂ ಜೋಕಾಲಿಯಿಂದ ಬಿದ್ದದ್ದು ನನಗೆ ನೆನಪಿಲ್ಲ.

ಇಪ್ಪತ್ತೆಂಟನೆಯ ದಿನ ಲಕೋಟೆ ಬಂತು. ರಜಿಸ್ಟರಿನ ಹಾಳೆಗಳ ಝೆರಾಕ್ಸ್. ಎಲ್ಲಕ್ಕೂ ಮೇಲೆ ಒಂದೇ ಒಂದು ಸಾಲು: ಪರಿಶೀಲಿಸಲಾಗಿದೆ, ಎಲ್ಲ ಸುಸ್ಥಿತಿಯಲ್ಲಿದೆ. ಅದರ ಕೆಳಗೆ ತಿಂಗಳು ತಿಂಗಳಿಗೂ ಎರಡೆರಡು ಪುಟ್ಟ ಗೀಟು, ಅಂದರೆ ಮೇಲಿನಂತೆಯೇ. ಆ ಗೀಟುಗಳನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಯಾರೋ ನಮ್ಮ ಮನೆತನದವರನ್ನೇ ಕಂಡ ಹಾಗಾಯಿತು. ಆದರೂ ಗೆದ್ದವನ ಗತ್ತಿನಲ್ಲಿ ಹಾಳೆಗಳನ್ನು ಟೇಬಲ್ಲಿನ ಮೇಲೆ ಹರಡಿ, “ನೋಡು, ಸಿಕ್ಕಿಬಿದ್ರು” ಎಂದು ಶೈಲಾಗೆ ತೋರಿಸಿದೆ.

ಅನುವೂ ಬಂದು ನೋಡಿದಳು. “ಅಪ್ಪಾ, ಕೊಂಡಿ ಮುರೀತದಂತ ನನಗ ಬ್ಯಾಡ ಅಂದಿ. ಮಲ್ಲಮ್ಮ ಆಡಲಿಕ್ಕತ್ತಾಳಲ್ಲ, ಆಕಿ ಬೀಳಂಗಿಲ್ಲೇನು?”

ಮಲ್ಲಮ್ಮ ಯಾದಗಿರಿ ಕಡೆಯ ಗೌಂಡಿಗಳ ಮಗಳು. ಪಾರ್ಕಿನ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ಅವಳ ಅಪ್ಪ ಅವ್ವ ಇಬ್ಬರೂ ದುಡಿಯುತ್ತಿದ್ದರು. ಕನ್ನಡ ಮಾತಾಡುತ್ತಾಳೆ ಎಂಬ ಒಂದೇ ಕಾರಣಕ್ಕೆ ಅನುವಿಗೆ ಅವಳು ಜೀವದ ಗೆಳತಿ. ಇಪ್ಪತ್ತೆಂಟು ಸಂಜೆ ನಾನು ಬೆಂಚಿನ ಮೇಲೆ ಕೂತು ಆ ಹುಡುಗಿ ಜೀಕುವುದನ್ನು ನೋಡಿದ್ದೆ. ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಶೈಲಾ ಹರಡಿದ ಹಾಳೆಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟಳು. ನನಗೆ ಭಾಳ ನಾಚಿಕೆಯಾಯಿತು.

ಚಪ್ಪಲಿ ಮೆಟ್ಟಿಕೊಂಡು ನೇರ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬೋಲ್ಟು ಹಾಕಿ ಬಿಗಿಯುವ ಗಟ್ಟಿ ಕೊಂಡಿ ಕೊಂಡೆ. ಸಖಾರಾಮ ಗಿಡ ಕತ್ತರಿಸಲು ಬಳಸುವ ಏಣಿ ತಂದು ಹಿಡಿದ, ನಾನು ಹತ್ತಿದೆ. ಹಳೆಯದು ಕೈಗೆ ಬಂದಾಗ ನೋಡಿದರೆ ಪೆನ್ಸಿಲ್ಲೂ ಅಲ್ಲ, ದಬ್ಬಣ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ. ಮಲ್ಲಮ್ಮ, ಅನು ಇಬ್ಬರೂ ಓಡಿ ಬಂದರು. ತಡೀರಿ ಎಂದು ಮೊದಲು ನಾನೇ ಕೂತೆ. ನಮ್ಮ ಕಾಲೊನಿಯಲ್ಲಿ ಗಂಗಕ್ಕನ ಪದವಿಗೆ ನನ್ನಷ್ಟು ತಕ್ಕವರು ಬೇರೆ ಇಲ್ಲ. ಹತ್ತು ಸಲ ಜೀಕಿ ಇಳಿದೆ. ಸಖಾರಾಮ ರಜಿಸ್ಟರು ತಂದು ಮುಂದೆ ಹಿಡಿದ. ಕೊಂಡಿ ಬದಲಿಸಿದೆ, ಕೂತು ಆಡಿ ನೋಡಿದೆ ಎಂದು ಮರಾಠಿಯಲ್ಲಿ ಬರೆದು ಸಹಿ ಮಾಡಿದೆ.

ಮುಂದಿನ ತಿಂಗಳು ಕುತೂಹಲಕ್ಕೆ ಆ ಹಾಳೆ ತೆರೆಸಿ ನೋಡಿದೆ. ನನ್ನ ಸಾಲಿನ ಕೆಳಗೆ ಎರಡು ಪುಟ್ಟ ಗೀಟು. ಅಂದರೆ ಆ ತಿಂಗಳೂ ಯಾರೋ ಸಾಹೇಬರು ಕೊಂಡಿ ಬದಲಿಸಿ, ಕೂತು ಆಡಿ ನೋಡಿದ್ದಾರೆ. ಮನೆಗೆ ಬರುವವರೆಗೂ ದಾರಿಯುದ್ದಕ್ಕೂ ನಕ್ಕೆ.

ಮರುದಿನ ಕುರಕುಂಭದಲ್ಲಿ ಎಂದಿನಂತೆ ಚಹಾ ಬಂತು, ಚೀಟಿಗಳ ಕಟ್ಟೂ ಬಂತು. ಪೆನ್ನು ತೆಗೆದವನು ಯಾಕೋ ಮತ್ತೆ ಮುಚ್ಚಿದೆ. ಎದ್ದುಹೋಗಿ ಬಾಗಿಲ ಪಕ್ಕದ ಮೊದಲನೆಯ ಸಿಲಿಂಡರನ್ನು ಎರಡೂ ಕೈಯಿಂದ ಹಿಡಿದು, ಭಾರವಿರುತ್ತದೆಂದು ಜೋರಾಗಿ ಎತ್ತಿದೆ. ಅದು ಸುಲಭವಾಗಿ ಎದೆಯವರೆಗೆ ಬಂದುಬಿಟ್ಟಿತು. ಒಳಗೆ ಏನೂ ಇರಲಿಲ್ಲ. ಟೇಬಲ್ಲಿಗೆ ಬಂದು ಅದರ ಚೀಟಿ ಹುಡುಕಿದೆ. ಒಂದು ತಿಂಗಳೂ ತಪ್ಪದೆ, ನನ್ನ ಸಹಿ ಬಹಳ ಚೆಂದವಾಗಿ ಕೂತಿತ್ತು.