ಕಂಪನಿ ಫಿಲ್ಟರು ಮತ್ತು ವಳಕಮದಿನ್ನಿಯ ದಾರಿ

ಮೊನ್ನೆ ಲಿಂಗಸುಗೂರಿನಿಂದ ಮಸ್ಕಿಯವರೆಗೆ ನಮ್ಮ ಕಾರಿನೊಳಗೆ ಒಂದು ಕಣ ಧೂಳೂ ಬರಲಿಲ್ಲ. ಅದೂ ಭತ್ತದ ಸುಗ್ಗಿಯಲ್ಲಿ! ನಂಬುತ್ತೀರಾ? ನಾನೂ ನಂಬಿದ್ದೆ.

ನನ್ನ ಉಬ್ಬಸದ ಸಂಗತಿ ನಿಮಗೆ ಗೊತ್ತೇ ಇದೆ. (ಎಷ್ಟು ಸಲ ಗೋಳು ಹೇಳಿಕೊಂಡಿದ್ದೇನೋ!) ತಂಗಿಯನ್ನು ಕೊಟ್ಟಿರುವುದು ಸಿಂಧನೂರು ತಾಲ್ಲೂಕಿನ ವಳಕಮದಿನ್ನಿಗೆ. ಸುಗ್ಗಿಯಲ್ಲಿ ಅಲ್ಲಿ ಊರಿಗೆ ಊರೇ ಹೊಟ್ಟಿನ ಧೂಳು. ಪ್ರತಿ ಸುಗ್ಗಿಗೂ ಅವಳು ಕರೆಯುತ್ತಿದ್ದಳು, ನಾನು ಬಸ್ಸಿನ ಧೂಳು ನೆನೆದು ಮನೆಯಲ್ಲೇ ಉಳಿಯುತ್ತಿದ್ದೆ. ಈ ಸಲ ಅವಳು ಕರೆಯಲೇ ಇಲ್ಲ. ಹೋಗಿಯೇ ತೀರುತ್ತೇನೆ ಅಂದೆ.

ಯಜಮಾನರು ಈಚೆಗೆ ಸೆಕೆಂಡ್ ಹ್ಯಾಂಡ್ ಎ.ಸಿ. ಕಾರು ತಂದಿದ್ದಾರೆ. ಒಳಬರುವ ಗಾಳಿ ಸೋಸಲು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಫಿಲ್ಟರು. ಕಾರಿನ ಜೊತೆ ಬಂದದ್ದು ಕಂಪನಿಯದಲ್ಲ, ಅಗ್ಗದ ಲೋಕಲ್ ಮಾಲು. ಒಮ್ಮೆ ಇಲ್ಲೇ ಹತ್ತಿರದ ಗುರುಗುಂಟಾ ಮುಟ್ಟುವಷ್ಟರಲ್ಲಿ ಸೀನಿ ಸೀನಿ ಸುಸ್ತಾಗಿದ್ದೆ.

ಹೊಸದು ತರಲು ಹೋದಾಗ ಬಿಡಿಭಾಗದ ಅಂಗಡಿಯ ಖಾಜಾಸಾಬರು, "ಎರಡೂ ಕಾಗದಾನ ರೀ ಸರ, ಸುಮ್ನ ಕಂಪನಿದು ಯಾಕ?" ಅಂದರು.

"ಆಕಿ ಉಸಿರಿನ ಮಾತೈತಿ, ಲೋಕಲ್ ಬ್ಯಾಡ," ಎಂದು ಇವರು ಕಂಪನಿಯದನ್ನೇ ತರಿಸಿ, ಸ್ವಂತ ಕೈಯಿಂದ ಕೂಡಿಸಿದರು. (ಆ ಮಾತಿಗೆ ನಾನು ಒಳಗೊಳಗೇ ಕರಗಿದ್ದು ಅವರಿಗೆ ಹೇಳಬೇಡಿ.)

ಹೊರಟೆವು. ಗಾಜು ಏರಿಸಿ, ಎ.ಸಿ. ಹಾಕಿ. ಎದುರಿನ ಟ್ರ್ಯಾಕ್ಟರು ಎಬ್ಬಿಸಿದ ಧೂಳೆಲ್ಲ ಹೊರಗೇ ಉಳಿಯಿತು. "ನೋಡಿದೇನು? ಇದಕ್ಕ ಅನ್ನೋದು ಕಂಪನಿ ಮಾಲು!" ಎಂದು ಇವರು ಬೀಗಿದರು.

"ಧೂಳಿಲ್ಲ ಖರೆ. ಗಾಳಿನೂ ಬರವಲ್ದಲ್ರೀ!" ಅಂದೆ ನಾನು.

ಮಸ್ಕಿ ಹತ್ತಿರ ಬರುವಾಗ ನನಗೆ ಉಸಿರು ಕಟ್ಟತೊಡಗಿತು. ಚಹಾದ ಹೋಟೆಲ್ ಮುಂದೆ ನಿಲ್ಲಿಸಿ, ಇವರು ಫಿಲ್ಟರು ಹೊರಗೆ ಎಳೆದರು. ಅದರ ಮೈಮೇಲೆ ಪ್ಲಾಸ್ಟಿಕ್ ಕವರು ಹಾಗೇ ಇತ್ತು!

"ಹೊಸಾದು, ಹೊಲಸಾಗ್ತದಂತ ತಗೀಲಿಲ್ಲ," ಅಂದರು ಮೆಲ್ಲಗೆ.

ನಗಬೇಕೋ ಅಳಬೇಕೋ? ಸೀಟಿನ ಪ್ಲಾಸ್ಟಿಕ್ಕು, ಟೀವಿಯ ಮುಸುಕು, ನೆಂಟರಿಗೆಂದು ಎತ್ತಿಟ್ಟ ಕಪ್ಪು-ಬಸಿ. ಯಾರ ಮನೆಯಲ್ಲಿಲ್ಲ? ಹಾಗಂತ ಧೂಳು ಕುಡಿಯಲೆಂದೇ ಹುಟ್ಟಿದ ಫಿಲ್ಟರಿಗೂ ಮಡಿಯೇ?

ಡಿಕ್ಕಿಯಿಂದ ಹಳೆಯ ಲೋಕಲನ್ನೂ ತೆಗೆದು ಪಕ್ಕಕ್ಕಿಟ್ಟು ನೋಡಿದೆವು. ಕಂಪನಿಯದರ ಅಂಚಿಗೆ ಮೆತ್ತನೆಯ ಪಟ್ಟಿ, ಸಂದಿಲ್ಲದೆ ಕೂಡುತ್ತದೆ. ಲೋಕಲ್ ಒಂದು ಬದಿ ಗಿಡ್ಡ, ಧೂಳು ನುಸುಳುತ್ತಿದ್ದದ್ದು ಅಲ್ಲಿಂದಲೇ. ಸೀನಿನ ಗುಟ್ಟು ಬಯಲಾಯಿತು.

ಆದರೂ ಇವರ ಕೈ ಕವರಿನತ್ತ ಹೋಗಲೊಲ್ಲದು. "ಇವತ್ತ ಲೋಕಲ್ ಹಾಕೋಣು. ಇದು ಮುಂದ ದೂರದ ಊರಿಗೆ ಹೋಗಾಕ ಇರ್ಲಿ."

"ನಾ ಹೋಗಬೇಕಾದ ದೂರದ ಊರು ಇದೇ ರೀ," ಅಂದು ಕವರು ಹರಿದೇಬಿಟ್ಟೆ.

ಅವರು ಫಿಲ್ಟರು ಕೂಡಿಸಿದರು. ಈಗ ತಣ್ಣನೆ ಗಾಳಿ ಮುಖಕ್ಕೇ ಬಂತು. ಸಿಂಧನೂರು ದಾಟುವಾಗ ಮಾತಾಡುತ್ತಲೇ ಇದ್ದೆ, ಸೀನಿದ ನೆನಪಿಲ್ಲ.

ವಳಕಮದಿನ್ನಿಯ ಕಣದಲ್ಲಿ ತಂಗಿ ಭತ್ತ ತೂರುವುದನ್ನು ಬಿಟ್ಟು ಓಡಿಬಂದಳು. "ಖರೇನ ಬಂದಿಯೇನಬೇ ಅಕ್ಕಾ? ಈ ಧೂಳಿನ್ಯಾಗ?" ಅವಳ ಕಣ್ಣು ತುಂಬಿತ್ತು, ನನ್ನದೂ. ಸೆರಗು ಮೂಗಿಗೆ ಹಿಡಿದು ಅಲ್ಲೇ ಕಲ್ಲಿನ ಮೇಲೆ ಕೂತೆ. ಕೆಮ್ಮು ಬಂತು, ಹೋಯಿತು. ಮಾತು ಮಾತ್ರ ಹೊತ್ತು ಮುಳುಗುವವರೆಗೂ ನಿಲ್ಲಲಿಲ್ಲ.

ತಂಗಿಯೊಡನೆ ಹರಟಲು ಆಗದ ಉಸಿರನ್ನು ಜೋಪಾನ ಮಾಡಿಟ್ಟು, ನಾನಾದರೂ ಏನು ಮಾಡುವುದಿತ್ತು?