ಕುಂಕುಮ ಹಚ್ಚಿದ ಕೇಬಲ್ಲು

ಹೊನ್ನಾಳಿಯ ನಮ್ಮ ಶಾಲೆಗೆ ರೋಬೋ ಕಿಟ್ಟುಗಳು ಬಂದಿವೆ. ಮಕ್ಕಳು ಪ್ರೋಗ್ರಾಂ ಬರೆಯುವಂತೆ ಕಂಪ್ಯೂಟರುಗಳನ್ನು ಅಣಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಬೇಕಾದೀತೆಂದು ಮನೆಯಿಂದ ಹಳೆಯ ವೈರುಗಳ ಡಬ್ಬಿ ತಂದು ಮೇಜಿನ ಮೇಲೆ ಸುರಿದಾಗ ಒಂದು ಬಿಳಿ ಕೇಬಲ್ಲು ಕೈಗೆ ಸಿಕ್ಕಿತು. ಅದರ ತುದಿಯಲ್ಲಿ ಬೆರಳಗಲದ ಗುಲಾಬಿ ಕಲೆ. ಕಂಡವರು ಶಾಯಿ ಅಂದುಕೊಂಡಾರು, ಅದು ಕುಂಕುಮ. ಮೂಗಿಗೆ ಹಿಡಿದೆ. ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ, ಆದರೂ ನಿಂಬೆಹಣ್ಣಿನ ವಾಸನೆ ಬಂದಂತಾಯಿತು… ನೆನಪು ಇಲ್ಲದ್ದನ್ನೂ ಹೀಗೆ ಸೇರಿಸಿಬಿಡುತ್ತದೆ. ಅದಕ್ಕೇ ಗಟ್ಟಿಯಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ಚನ್ನಗಿರಿಯಲ್ಲಿ ನಾನು ಡಿಪ್ಲೊಮಾ ಓದುವಾಗ ಲ್ಯಾಬಿಗೆ ಒಬ್ಬರು ಮೇಡಂ ಬಂದಿದ್ದರು. ಜಗಳೂರು ಕಡೆಯವರು, ಅತಿಥಿ ಉಪನ್ಯಾಸಕಿ. ರೋಬೋ ಮಾಡುವುದನ್ನು ಕಲಿಸುತ್ತೇನೆಂದು ಖಾಲಿ ಬಿದ್ದಿದ್ದ ಮೂಲೆಕೋಣೆಯನ್ನು ಅವರೇ ಕೇಳಿ ಪಡೆದಿದ್ದರು. ಒಂದು ದಿನ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಹೇಳಿದರು:

"ಮೇಡಂ, ಆಯುಧಪೂಜೆ ಒಳಗೆ ಇಲ್ಲಿ ಏನಾರ ಒಂದು ಓಡಾಡಬೇಕು ನೋಡ್ರಿ. ಇಲ್ಲಂದ್ರೆ ಈ ರೂಮು ಉತ್ತರಪತ್ರಿಕೆ ಬಂಡಲ್ ಇಡಾಕೆ ಹೋಗ್ತೈತೆ."

"ಓಡಾಡ್ತೈತೆ ಸಾರ್" ಎಂದರು ಮೇಡಂ, ತಲೆ ಎತ್ತದೆ.

ಕೋಣೆ ಹೋದರೆ ಅವರ ತರಗತಿಗಳು ಹೋಗುತ್ತವೆ, ತರಗತಿ ಹೋದರೆ ಅವರೂ ಹೋಗುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಓಡಾಡುವುದು ಹಾಗಿರಲಿ, ರೋಬೋದ ಮಿದುಳಿನಂತಿರುವ ನಮ್ಮ ಬೋರ್ಡು ಇನ್ನೂ ಕಂಪ್ಯೂಟರಿನ ಕಣ್ಣಿಗೇ ಬಿದ್ದಿರಲಿಲ್ಲ.

ಕಾಲೇಜಿನ ಇಂಟರ್‌ನೆಟ್ಟು ಹೆಸರಿಗೆ ಮಾತ್ರ. ಭಾನುವಾರ ಊರಿಗೆ ಹೋದಾಗ ಮೇಡಂ ತಮ್ಮ ಫೋನಿನಿಂದ ಸಾಫ್ಟ್‌ವೇರ್ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುತ್ತಿದ್ದರು. ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಹಾಕಿದೆವು. ಬೋರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತಿರುವ ಡ್ರೈವರ್ ಹಾಕಿದೆವು. ಕೇಬಲ್ ಚುಚ್ಚಿದರೆ ಬೋರ್ಡಿನ ಕೆಂಪು ದೀಪ ಹತ್ತುತ್ತಿತ್ತು. ಕಂಪ್ಯೂಟರಿಗೆ ಏನೇನು ಸೇರಿಸಿದೆ ಎಂದು ಪರದೆ ತೋರಿಸುವ ಪಟ್ಟಿಯಲ್ಲಿ ಮಾತ್ರ ಅದರ ಹೆಸರಿಲ್ಲ. ಎಲ್ಲ ತೆಗೆದು ಮತ್ತೆ ಹಾಕಿದೆವು. ಕೊನೆಗೆ ಇಡೀ ಕಂಪ್ಯೂಟರನ್ನೇ ಅಳಿಸಿ ಹೊಸದಾಗಿ ಕೂರಿಸಿದೆವು. "ಲೈಟ್ ಹತ್ತೈತಲ್ಲ, ಅಂದ್ಮೇಲೆ ವೈರಿಂದು ತಪ್ಪಿಲ್ಲ" ಎನ್ನುತ್ತಿದ್ದರು ಮೇಡಂ. ನಾವೂ ನಂಬಿದ್ದೆವು. ಹಬ್ಬ ಹತ್ತಿರ ಬರುತ್ತಿತ್ತು.

ನ್ಯಾಮತಿಯ ಗೆಳೆಯನೊಬ್ಬ ನಮ್ಮ ಜೊತೆಗಿದ್ದ. ಮೇಡಂ ಚಹಾ ತರಲು ಹೋಗಿದ್ದಾಗ ಬೋರ್ಡಿನ ಕೇಬಲ್ ಕಿತ್ತು ತನ್ನ ಫೋನಿಗೆ ಹಾಕಿ, ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತ.

"ಹಾಡು ಹೋಗ್ತಾನೇ ಇಲ್ಲ ಕಣೇ."

"ನಿನ್ನ ಹಾಡು ಕೇಳಾಕೆ ಕಂಪ್ಯೂಟರಿಗೂ ಇಷ್ಟ ಇಲ್ಲ ಬಿಡೋ" ಎಂದೆ.

ಬಾಗಿಲಲ್ಲಿ ಮೇಡಂ ಚಹಾದ ಲೋಟ ಹಿಡಿದು, ಅವನನ್ನೇ ನೋಡುತ್ತ ನಿಂತಿದ್ದರು. "ಏನಂದಿ? ಇನ್ನೊಂದ್ಸಲ ಹೇಳು."

ಅವನು ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತ. "ಚಾರ್ಜ್ ಆಗ್ತೈತೆ ಮೇಡಂ. ಹಾಡು ಹೋಗ್ತಿಲ್ಲ."

ಅವರು ಬೈಯಲಿಲ್ಲ. ಆ ಕೇಬಲ್ ಕಿತ್ತು ಮೂಲೆಗೆ ಎಸೆದು, ತಮ್ಮ ಬ್ಯಾಗಿನಿಂದ ಬಿಳಿಯ ಕೇಬಲ್ ತೆಗೆದು ಬೋರ್ಡಿಗೆ ಚುಚ್ಚಿದರು. ಪಟ್ಟಿಯಲ್ಲಿ ಹೆಸರು ಬಂತು. ಕೆಲವು ಕೇಬಲ್ಲುಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಸಂದೇಶ ಒಯ್ಯುವ ತಂತಿಯನ್ನು ಹಾಕಿಯೇ ಇರುವುದಿಲ್ಲ. ಮೇಡಂ ಹಣೆ ಚಚ್ಚಿಕೊಂಡು ನಕ್ಕರು. "ಎಂಥ ದಡ್ಡಿ ನಾನು. ಅದು ಅನ್ನ ಹಾಕ್ತಿತ್ತು, ಮಾತಾಡಿಸ್ತಿರಲಿಲ್ಲ."

ಮೊದಲ ಪ್ರೋಗ್ರಾಮಿಗೆ ಬೋರ್ಡಿನ ಪುಟ್ಟ ದೀಪ ಮಿಣುಕಿತು. ಅಷ್ಟನ್ನೇ ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆವು…

ಆಯುಧಪೂಜೆಯ ದಿನ ಮೇಡಂ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿದರು, ಬೆಸುಗೆ ಕಡ್ಡಿಗೆ ಹಚ್ಚಿದರು, ಆ ಬಿಳಿ ಕೇಬಲ್ಲಿಗೂ ಹಚ್ಚಿದರು. ಮೂಲೆಯಲ್ಲಿದ್ದ ಇನ್ನೊಂದಕ್ಕೆ ಹಚ್ಚಲಿಲ್ಲ. ನಮ್ಮ ರೋಬೋ ಅಂಗೈ ಅಗಲದ ಗಾಡಿ, ಮುಂದೆ ಕಣ್ಣಿನಂಥ ಸೆನ್ಸರು. ಪ್ರಿನ್ಸಿಪಾಲರು ಬಂದು ನಿಂತರು. ಬಸ್ಸಿಗೆ, ಟ್ರ್ಯಾಕ್ಟರಿಗೆ ಇಡುವಂತೆ ಯಾರೋ ಅದರ ಮುಂದೆಯೂ ಒಂದು ನಿಂಬೆಹಣ್ಣು ಇಟ್ಟರು. ಗಾಡಿ ಹಣ್ಣಿನವರೆಗೆ ಹೋಯಿತು, ನಿಂತಿತು, ಹಿಂದೆ ಸರಿಯಿತು, ತಿರುಗಿ ಅದನ್ನು ಬಳಸಿಕೊಂಡು ಹೋಯಿತು.

"ಏನ್ರೀ ಮೇಡಂ, ನಿಂಬೆಹಣ್ಣಿಗೆ ಹೆದರಿತಲ್ರೀ ನಿಮ್ಮ ಗಾಡಿ."

"ಹೆದರಿದ್ದಲ್ಲ ಸಾರ್. ಅದಕ್ಕೆ ಕಾಣಿಸ್ತು."

ಪ್ರಿನ್ಸಿಪಾಲರು ಪಂಚೆ ಮಡಚಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ತಾವೇ ಹಣ್ಣನ್ನು ಬೇರೆ ಕಡೆ ಇಟ್ಟು ನೋಡಿದರು, ಮತ್ತೆ ಬೇರೆ ಕಡೆ.

ಗಾಡಿ ತಿರುಗಲೇ ಇಲ್ಲ, ಬರೀ ನಿಂತಿತು, ಉಳಿದದ್ದು ನೀನು ಸೇರಿಸಿಕೊಂಡಿದ್ದು ಎನ್ನುತ್ತಾನೆ ನ್ಯಾಮತಿಯ ಗೆಳೆಯ. ಇರಬಹುದು. ಆದರೆ ಪ್ರಿನ್ಸಿಪಾಲರು ನೆಲಕ್ಕೆ ಕೂತದ್ದನ್ನು ಅವನೂ ಒಪ್ಪುತ್ತಾನೆ. ಬಂಡಲ್ಲಿನ ಮಾತು ಮತ್ತೆ ಏಳಲಿಲ್ಲ, ಕೋಣೆ ಉಳಿಯಿತು.

ಮೇಡಂ ಉಳಿಯಲಿಲ್ಲ. ಮರುವರ್ಷ ಆ ಹುದ್ದೆಗೆ ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರು, ಅತಿಥಿ ಹೊರಡಬೇಕಾಯಿತು. ಹೋಗುವ ದಿನ ಕೇಬಲ್ಲನ್ನು ಸುತ್ತಿ ನನ್ನ ಕೈಗಿಟ್ಟರು. "ಇದು ಮಾತಾಡೋ ಕೇಬಲ್ಲು. ಬೇರೆ ಇಡು." ಆಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಏನೇನೋ ಓದಿದೆ. ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದೆ… ಕಾಯಿಲೆಯಿಂದ ತೀರಿಕೊಂಡರೆಂದು ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅವರ ಕೈ, ದನಿ ಚೆನ್ನಾಗಿ ನೆನಪಿವೆ. ಮುಖವನ್ನು ತಂದುಕೊಳ್ಳಲು ಹೋದರೆ ಚಹಾದ ಲೋಟ ಅಡ್ಡ ಬರುತ್ತದೆ.

ಇವತ್ತು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕರೆದಳು. "ಮಿಸ್, ಲೈಟ್ ಹತ್ತೈತೆ, ಹೆಸರು ಬರ್ತಿಲ್ಲ." ನಾನು ಎದ್ದು ನೋಡಲೂ ಇಲ್ಲ, ಬಿಳಿ ಕೇಬಲ್ಲು ಕೊಟ್ಟೆ. ಹೆಸರು ಬಂತು.

"ಇದಕ್ಕೆ ಏನೋ ಮೆತ್ತಿಕೊಂಡೈತೆ ಮಿಸ್, ಒರೆಸ್ಲಾ?"

"ಬೇಡ. ಇದು ಮಾತಾಡೋ ಕೇಬಲ್ಲು. ಬೇರೆ ಇಡು."

ಕೆಲಸ ಮುಗಿದ ಮೇಲೆ ಅವಳು ಅದನ್ನು ಡಬ್ಬಿಗೆ ಹಾಕದೆ, ಸುತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೇಡಂ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಇಂಥ ದಿನ ಒಂದು ಫೋನು ಮಾಡುವುದಿತ್ತು.