ಅತ್ತೆಗೆ ಕೇಳಿಸಿದ ಸಮುದ್ರ

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಿದ್ದೆ. ಲೆಕ್ಕಕ್ಕೆ ಸಿಗದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಈಗಲೂ ಅಲ್ಲ ಎಂದೇ ಅಂದುಕೊಂಡಿದ್ದೇನೆ. ಆದರೂ ನನ್ನ ಕಣ್ಣೆದುರು ನಡೆದದ್ದನ್ನು ಇಲ್ಲವೆನ್ನಲಾರೆ.

ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ನಿಗಡಿಯಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರೇ ಇದ್ದೆವು. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ನಾನು ಮದುವೆಯಾಗಿ ಬರುವ ಎಷ್ಟೋ ವರ್ಷ ಮೊದಲು, ಧಾರವಾಡದಲ್ಲಿದ್ದಾಗ, ಯಾವುದೋ ಜ್ವರದಲ್ಲಿ ಎರಡೂ ಕಿವಿ ಹೋಗಿದ್ದವಂತೆ. ತುಟಿ ನೋಡಿ, ಕೈಸನ್ನೆ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ನನ್ನ ದನಿ ಹೇಗಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅವರು ಸಮುದ್ರ ನೋಡಿರಲಿಲ್ಲ. ಒಂದು ದಿನದ ಮಟ್ಟಿಗೆ ಕೊಂಕಣಕ್ಕೆ ಹೋಗಿಬರೋಣವೆಂದು ಒಂದು ಭಾನುವಾರ ಗೊತ್ತುಮಾಡಿದೆವು. ನಾವು ಹೋಗಬೇಕೆಂದಿದ್ದ ಕಡೆ ನೀರಿನ ನಡುವೆ ಒಂದು ಹಳೆಯ ಕೋಟೆ. ಸಮುದ್ರ ಇಳಿದಾಗ ದಂಡೆಯಿಂದ ನಡೆದೇ ಹೋಗಬಹುದು. ಗಂಡನ ಆಫೀಸಿನಲ್ಲಿದ್ದ ಕೊಂಕಣದವರೊಬ್ಬರು ತಿಥಿ ನೋಡಿ, ಅವತ್ತು ಮಧ್ಯಾಹ್ನ ಒಂದರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ ಎಂದಿದ್ದರು. ಆಮೇಲೆ ಶುಕ್ರವಾರವೇ ರಜೆ ಸಿಕ್ಕಿತೆಂದು ಎರಡು ದಿನ ಮೊದಲೇ ಹೊರಟೆವು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುತ್ತದೆ, ಹಾಗಾಗಿ ಶುಕ್ರವಾರ ಅದು ಒಂದೂವರೆ ಗಂಟೆ ಮೊದಲೇ ಬಂದುಹೋಗಿರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹನ್ನೆರಡರ ಸುಮಾರಿಗೆ ಒದ್ದೆ ಮರಳಿನಲ್ಲಿ ನಡೆದು ಕೋಟೆ ಸೇರಿದೆವು. ಅತ್ತೆ ಸೀರೆ ಎತ್ತಿಕಟ್ಟಿ ನಮಗಿಂತ ಮುಂದೆ. ಒಳಗೆಲ್ಲ ಸುತ್ತಾಡಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಸುತ್ತ ಎತ್ತರದ ಗೋಡೆ, ಸಮುದ್ರ ಕಾಣುತ್ತಿರಲಿಲ್ಲ. ಊಟದ ನಡುವೆ ಅತ್ತೆ ರೊಟ್ಟಿ ಕೆಳಗಿಟ್ಟರು.

"ನೀರಿನ ಸಪ್ಪಳ ಬದಲಾತು."

"ಏನಂದಿ ಅವ್ವ?" ಎಂದರು ನನ್ನ ಗಂಡ.

"ಇಷ್ಟೊತ್ತು ದೂರ ಇತ್ತು. ಈಗ ಹತ್ರ ಬಂದದ. ಏಳ್ರಿ, ನಡೀರಿ."

ನಾವು ಮುಖ ಮುಖ ನೋಡಿಕೊಂಡೆವು. ನನಗೆ ಯಾವ ಬೇರೆ ಸಪ್ಪಳವೂ ಕೇಳಿರಲಿಲ್ಲ. ಆದರೆ ಅವರು ಆಗಲೇ ಎದ್ದು ನಿಂತಿದ್ದರು. ಬಾಗಿಲಿಗೆ ಬಂದು ನೋಡಿದರೆ, ನಾವು ನಡೆದು ಬಂದ ಮರಳು ಎಲ್ಲಿಯೂ ಇಲ್ಲ.

ಗಂಡ ಅತ್ತೆಯ ಕೈ ಹಿಡಿದು ಮುಂದೆ ಇಳಿದರು. ನಾನು ಅತ್ತೆಯ ಸೆರಗು ಹಿಡಿದು ಹಿಂದೆ. ಮೊಣಕಾಲಿನಷ್ಟಿದ್ದ ನೀರು ನಡುದಾರಿಯಲ್ಲಿ ಸೊಂಟಕ್ಕೆ ಬಂತು. ಕಾಲ ಕೆಳಗಿನ ಮರಳು ಸರ್ರನೆ ಜಾರಿತು. "ಅವ್ವಾ" ಎಂದೆ. ಕೂಗಲಿಲ್ಲ, ಹೆದರಿಕೆಗೆ ದನಿಯೇ ಏಳಲಿಲ್ಲ. ಅವರನ್ನು ಅತ್ಯಾ ಎನ್ನುತ್ತಿದ್ದವಳ ಬಾಯಲ್ಲಿ ಆ ಮಾತು ಹೇಗೆ ಬಂತೋ.

ಅತ್ತೆ ಹಿಂದೆ ತಿರುಗಲಿಲ್ಲ. ಮುಂದೆ ನೋಡುತ್ತಲೇ ಹೇಳಿದರು: "ಇಲ್ಲೇ ಇದ್ದೀನಿ. ಬಾ."

ದಂಡೆ ಸೇರಿ ಕುಸಿದು ಕೂತಾಗ ನನ್ನ ಕೆನ್ನೆ ಸವರಿದರು. "ನಿನ್ನ ದನಿ ಭಾಳ ಸಣ್ಣದ ಅದ. ದಪ್ಪ ಇರಬೇಕಂತ ನಾ ತಿಳಿದಿದ್ದೆ."

"ಕೇಳಸ್ತದೇನ್ರಿ ಅತ್ಯಾ?" ಎಂದೆ. ಮೊದಲಿನಂತೆ ನನ್ನ ತುಟಿಯನ್ನೇ ನೋಡಿದರು. ಆಮೇಲೆ ಸಮುದ್ರದ ಕಡೆ ಕಿವಿಗೊಟ್ಟು ನೋಡಿ, ಇಲ್ಲವೆಂದು ತಲೆಯಾಡಿಸಿದರು.

ಪುಣೆಗೆ ಬಂದು ಡಾಕ್ಟರಿಗೆ ತೋರಿಸಿದೆವು. ಕಿವಿ ಹೇಗಿತ್ತೋ ಹಾಗೇ ಇದೆ, ಅಲೆಯ ಅದುರು ಅಂಗಾಲಿಗೆ ತಿಳಿದಿರಬಹುದು ಎಂದರು. ನೀರಿನ ಮಟ್ಟಿಗೆ ಅದನ್ನು ಒಪ್ಪಬಹುದೇನೋ. ನನ್ನ ದನಿ ಸಣ್ಣದೆಂದು ಅಂಗಾಲಿಗೆ ಹೇಗೆ ತಿಳಿಯಬೇಕು?

ಆಮೇಲೆ ಎಷ್ಟೋ ಸಲ, ಅವರು ಅಕ್ಕಿ ಆರಿಸುತ್ತ ಕೂತಾಗ, ಬೆನ್ನ ಹಿಂದೆ ನಿಂತು "ಅವ್ವಾ" ಎಂದಿದ್ದೇನೆ. ಮೊದಮೊದಲು ಪರೀಕ್ಷೆಗೆಂದು, ಆಮೇಲಾಮೇಲೆ ಸುಮ್ಮನೆ, ಕರೆಯಬೇಕೆನಿಸಿ. ಅವರು ಒಮ್ಮೆಯೂ ತಿರುಗಲಿಲ್ಲ.